ಹತ್ತು ಸಲ ಅರ್ಧ ಮಾಡು, ತಮ್ಮಾ!

ದ್ವಿತೀಯ ಪಿಯುಸಿ ಕೆಮಿಸ್ಟ್ರಿಯ ಹಳೇ ಲೆಕ್ಕ ಇದು: ಫಸ್ಟ್ ಆರ್ಡರ್ ಕ್ರಿಯೆಯೊಂದು ಶೇ. 99.9ರಷ್ಟು ಮುಗಿಯಲು ಅದರ ಅರ್ಧಾಯುವಿನ ಹತ್ತು ಪಟ್ಟು ಸಮಯ ಬೇಕೆಂದು ತೋರಿಸಿ. ಮಕ್ಕಳು ಸೂತ್ರ ಬರೆಯುತ್ತಾರೆ, ಲಾಗ್ ಟೇಬಲ್ ತಿರುವುತ್ತಾರೆ, 6.909ನ್ನು 0.693ರಿಂದ ಭಾಗಿಸುತ್ತಾರೆ. 9.97! ಸರಿಸುಮಾರು ಹತ್ತು ಎಂದು ಬರೆದು ಗೆರೆ ಎಳೆದರೆ ಪೂರ್ತಿ ಅಂಕ. ಆದರೆ ಹತ್ತೇ ಏಕೆ?

ಪರೀಕ್ಷೆ ಹತ್ತಿರ ಬಂದ ಒಂದು ರಾತ್ರಿ ಹುಡುಗನೊಬ್ಬ ಇದನ್ನು ಕೇಳಿಯೇಬಿಟ್ಟ. ನೋಟ್‌ಬುಕ್ಕಿನ ಫೋಟೊ ಹಾಕಿ, "ಅಕ್ಕಾ, ಆನ್ಸರ್ ಬಂತು, ಆದ್ರೆ ಯಾಕೆ ಅಂತ ತಿಳೀತಿಲ್ಲ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದ. ಉತ್ತರ ಕರ್ನಾಟಕದ ಹುಡುಗಿಯೊಬ್ಬಳ ಧ್ವನಿಯಲ್ಲಿ ಉತ್ತರ ಬಂತು: "ಲಾಗ್ ಟೇಬಲ್ ಬಾಜೂಕ ಇಡು ತಮ್ಮಾ. ಅರ್ಧ ಮಾಡ್ಕೋಂತ ಹೋಗು, ಹತ್ತು ಸಲ. ಎಷ್ಟು ಉಳೀತೈತಿ ಹೇಳು."

ಮಾಡಿ ನೋಡಿ, ನೀವೂ ಮಾಡಿ ನೋಡಿ! ಎರಡರಲ್ಲಿ ಒಂದು, ನಾಲ್ಕರಲ್ಲಿ ಒಂದು, ಎಂಟರಲ್ಲಿ ಒಂದು... ಹತ್ತನೆಯ ಸಲಕ್ಕೆ 1024ರಲ್ಲಿ ಒಂದು. ಅಂದರೆ ಸಾವಿರದಲ್ಲಿ ಸುಮಾರು ಒಂದು ಪಾಲು ಮಾತ್ರ ಉಳಿಯಿತು, 999 ಪಾಲು ಮುಗಿಯಿತು. ಶೇ. 99.9! ಲಾಗ್ ಬೇಕಿಲ್ಲ, ಸೂತ್ರ ಬೇಕಿಲ್ಲ, ಎರಡರ ಮಗ್ಗಿ ಗೊತ್ತಿದ್ದವರಿಗೂ ಕಾಣುವ ಸತ್ಯ!

ಅದೇ ಹುಡುಗ ಮರುದಿನ ಇನ್ನೊಬ್ಬಳಿಗೆ ಗಣಿತ ಬಿಡಿಸಿಕೊಟ್ಟ. ಸೊನ್ನೆಯಿಂದ π/2ವರೆಗಿನ ಇಂಟಿಗ್ರಲ್. ಮೇಲೆ √sin x, ಕೆಳಗೆ √sin x + √cos x. ನೋಡಿದರೇ ಎದೆ ಝಲ್ಲೆನ್ನುತ್ತದೆ. "x ಜಾಗದಲ್ಲಿ π/2 − x ಹಾಕು. ಸೈನ್, ಕಾಸ್ ಅದಲುಬದಲು ಆಗ್ತವೆ. ಈಗ ಎರಡನ್ನೂ ಕೂಡು." ಕೂಡಿದೊಡನೆ ಮೇಲಿನದ್ದು ಕೆಳಗಿನದ್ದು ಒಂದೇ ಆಗಿ ಬರೀ 1 ಉಳಿಯುತ್ತದೆ! ಎರಡೂ ಸೇರಿ π/2, ಹಾಗಾಗಿ ಉತ್ತರ π/4. ಆ ವರ್ಗಮೂಲಗಳನ್ನು ಯಾರೂ ಮುಟ್ಟಲೇ ಇಲ್ಲ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ 1990ರ ದಶಕದ ಆರಂಭದಲ್ಲಿ ಕಂಡದ್ದೂ ಹೀಗೆ ಕಲಿಯುವವರೇ ಒಬ್ಬರಿಗೊಬ್ಬರು ಕಲಿಸುವುದನ್ನೇ. ತಾವು ವಿವರಿಸಿದರೂ ಅರ್ಥವಾಗದ್ದನ್ನು, "ನೀವು ನೀವೇ ಮಾತಾಡಿಕೊಳ್ಳಿ" ಎಂದೊಡನೆ ವಿದ್ಯಾರ್ಥಿಗಳು ಪರಸ್ಪರ ತಿಳಿಸಿಕೊಟ್ಟರು. ನಿನ್ನೆಯಷ್ಟೇ ಕಲಿತವನಿಗೆ ತಾನು ಎಲ್ಲಿ ಎಡವಿದೆ ಎಂಬುದು ನೆನಪಿರುತ್ತದೆ. ದಶಕಗಳ ಹಿಂದೆ ಕಲಿತ ಮೇಷ್ಟ್ರಿಗೆ ಅದು ಮರೆತೇಹೋಗಿರುತ್ತದೆ! ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಎದುರಿಸುವ ಹಳ್ಳಿಯ ಮಗುವಿಗಂತೂ ತನ್ನದೇ ಮಾತಿನಲ್ಲಿ ಹೇಳುವ ಒಬ್ಬ ಜೊತೆಗಾರ ಸಿಗುವುದು ಎಂಥ ಭಾಗ್ಯ! ಹೇಳಿಕೊಡುವವರಿಗೂ ಲಾಭವಿದೆ. ವಿವರಿಸಹೊರಟಾಗಲೇ ತಮಗೆ ಯಾವ ಸ್ಟೆಪ್ ಗೊತ್ತಿಲ್ಲವೆಂದು ತಿಳಿಯುವುದು.

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಯೊಂದಕ್ಕೆ 80 ಸೆಕೆಂಡು ಮಾತ್ರ. ಆದರೂ ಒಂದೇ ಒಂದು "ಯಾಕೆ"ಗಾಗಿ ಅರ್ಧ ರಾತ್ರಿ ಕೂರುವುದೂ ಇದೇ ಮಕ್ಕಳು!

ನಿಮ್ಮ ಮನೆಯ ಮಗು ಪರೀಕ್ಷೆಯ ದಿನಗಳಲ್ಲಿ ಮೊಬೈಲ್ ಹಿಡಿದು ಕೂತಿದ್ದರೆ, ಕಿತ್ತುಕೊಳ್ಳುವ ಮುನ್ನ ಒಮ್ಮೆ ಕೇಳಿ: ಯಾವ ಲೆಕ್ಕ, ಯಾರಿಗೆ ಹೇಳಿಕೊಡ್ತಿದ್ದೀಯ?