ಕರಿಯನ ಮೊಂಡು ಕಿವಿ

ಹುಣಸೂರಿನ ನಮ್ಮ ಬೀದಿಯಲ್ಲೊಂದು ನಾಯಿಯಿದೆ, ಕರಿಯ. ಕಳೆದ ವಾರ ಮೊಮ್ಮಗಳು ಅದರ ಚಿತ್ರ ಬರೆದು ತೋರಿಸಿದಳು. ಬ್ಯಾಂಕಿನಲ್ಲಿ ಲೆಡ್ಜರ್ ತಿದ್ದಿದ ಕಣ್ಣು ನೋಡಿ, ತಪ್ಪು ಹುಡುಕಿಯೇ ಬಿಟ್ಟಿತು. “ಎಡಗಿವಿಯ ತುದಿ ಬಿಟ್ಟಿದ್ದೀಯಲ್ಲ ಪುಟ್ಟಿ?”

“ಇಲ್ಲ ತಾತ, ಅದರ ಕಿವಿ ಇರೋದೇ ಹಂಗೆ. ನೀನು ಸರಿಯಾಗಿ ನೋಡೇ ಇಲ್ಲ.”

ಹೊರಗೆ ಹೋಗಿ ನೋಡಿದೆ. ನಿಜ, ತುದಿ ಇಲ್ಲ! ಅದು ಗಾಯವಲ್ಲ, ಗುರುತು. ಬೀದಿನಾಯಿಗೆ ಮರಿಯಾಗದಂತೆ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಮತ್ತೆ ಅದೇ ಬೀದಿಗೆ ತಂದು ಬಿಡುತ್ತಾರೆ. ಮತ್ತು ಇಳಿಯುವ ಮೊದಲೇ ಕಿವಿಗೆ ಈ ಗುರುತು. ಹಾಗೆಂದು ಒಮ್ಮೆ ಹಾಕಿದ ಲಸಿಕೆ ಜೀವಮಾನಕ್ಕೆ ಸಾಲದು.

ಪುಟ್ಟಿ ನಾಯಿಯ ಚಿತ್ರ ಬರೆದದ್ದೇ ನನಗೆ ಆಶ್ಚರ್ಯ. ಹೋದ ವರ್ಷ ಅವಳ ಕಣ್ಣೆದುರೇ ಬೇರೆ ಬೀದಿಯ ನಾಯಿಯೊಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಸುಣ್ಣ ಹಚ್ಚಿ ಎಂದರೊಬ್ಬರು, ಖಾರದ ಪುಡಿ ಎಂದರಿನ್ನೊಬ್ಬರು. ನಾನು ನಲ್ಲಿ ಕೆಳಗೆ ಕಾಲಿಟ್ಟು 15 ನಿಮಿಷ ಸೋಪು ಹಾಕಿ ತೊಳೆದು, ನೇರ ಆಸ್ಪತ್ರೆಗೆ ಹೋದೆ. ಹೇಳಿದ ದಿನಗಳಲ್ಲಿ ತಪ್ಪದೆ ಸೂಜಿ ಹಾಕಿಸಿಕೊಂಡೆ. ಮಕ್ಕಳೇ, ಬರೀ ಉಗುರು ತಾಗಿ ಗೀರಾದರೂ ಮನೆಯಲ್ಲಿ ಮುಚ್ಚಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. ನನ್ನ ಗಾಯವೇನೋ ಮಾಯಿತು. ಪುಟ್ಟಿ ಮಾತ್ರ ಒಬ್ಬಳೇ ಗೇಟು ದಾಟುವುದನ್ನು ಬಿಟ್ಟಳು. ಈ ಚಿತ್ರವನ್ನೂ ಕಿಟಕಿಯೊಳಗಿಂದಲೇ ನೋಡಿ ಬರೆದಿದ್ದಳು.

ಆ ರಾತ್ರಿ ಅವಳಿಗೆ ಕಾಳಿಯ ಕತೆ ಹೇಳಿದೆ. ಇದು ಕಟ್ಟುಕತೆಯಲ್ಲ, ಕಲ್ಲಿನಲ್ಲೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕಾಲ ಸುಮಾರು ಕ್ರಿ.ಶ. 950. ತಕ್ಕೋಲದ ಯುದ್ಧದಲ್ಲಿ ಮಣಲೇರನ ಶೌರ್ಯಕ್ಕೆ ಮೆಚ್ಚಿ ಗಂಗರ ದೊರೆ ಬೂತುಗ ಬೇಕಾದ್ದು ಕೇಳೆಂದಾಗ, ಅವನು ದೊರೆಯ ನಾಯಿ ಕಾಳಿಯನ್ನು ಕೇಳಿ ಪಡೆದ. ಮುಂದೆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು. ಕಾಳಿ, ಹಂದಿ ಕಾದಾಡುವ ಚಿತ್ರವೂ ಆ ಕಲ್ಲಿನ ಮೇಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

“ಕಾಳಿಗೆ ಎರಡೂ ಕಿವಿ ಸರಿಯಾಗಿತ್ತಾ ತಾತ?”

“ಬೇಸಿಗೆ ರಜೆಗೆ ಹೋಗಿ ನೋಡೋಣ” ಎಂದು ಜಾರಿಕೊಂಡೆ.

ಮರುದಿನ ಸಂಜೆ ಪುಟ್ಟಿ ರಟ್ಟು, ಬಣ್ಣ ಹಿಡಿದು ಬಂದು ನನ್ನ ಕೈ ಎಳೆದಳು. ಕರಿಯ ಲೈಟು ಕಂಬದ ಬುಡದಲ್ಲಿ ಮಲಗಿತ್ತು. ಮಲಗಿದ ನಾಯಿಯನ್ನು ಮುಟ್ಟಬಾರದೆಂದು ಅವಳಿಗೆ ಹೇಳಿದ್ದೆ. ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟು, ಅಲ್ಲೇ ಜಗಲಿಯ ತುದಿಗೆ ಕೂತಳು. ಕಿಟಕಿಯಿಂದ ಕಾಣದಿದ್ದ ಬಾಲವನ್ನು ಬರೆಯುವುದು ಬಾಕಿ ಇತ್ತಂತೆ.