ತಾಳ ಹಿಡಿಯುವ ಕಂಚಿನ ತಟ್ಟೆ

ಡ್ರಮ್ ಸೆಟ್ಟಿಗೆ ಒಂದೇ ಒಂದು ರೈಡ್ ಸಿಂಬಲ್ ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು

ವಾದ್ಯವೃಂದದ ಕಾರ್ಯಕ್ರಮಕ್ಕೆ ಹೋದವರ ಕಣ್ಣು ಡ್ರಮ್ ವಾದಕನತ್ತ ಹರಿಯುವುದು ಸಹಜ. ವೇದಿಕೆಯ ಹಿಂಬದಿಯಲ್ಲಿ ಕುಳಿತು, ಎರಡು ಕೈ ಎರಡು ಕಾಲುಗಳನ್ನು ಬೇರೆ ಬೇರೆ ಲೆಕ್ಕಕ್ಕೆ ದುಡಿಸುವ ಆ ಮನುಷ್ಯ ನೋಡುವವರಿಗೆ ಒಂದು ಸೋಜಿಗ. ದೊಡ್ಡ ಡ್ರಮ್ಮಿನ ಗುಡುಗು, ಸ್ನೇರ್ ಡ್ರಮ್ಮಿನ ಸಿಡಿತ ಎಲ್ಲರ ಕಿವಿಗೂ ಬೀಳುತ್ತವೆ. ಆದರೆ ಹಾಡಿನ ಉದ್ದಕ್ಕೂ ಬಿಡುವಿಲ್ಲದೆ ಲಯವನ್ನು ಎತ್ತಿ ಹಿಡಿದಿರುವುದು ಅನೇಕ ವೇಳೆ ಅವೆರಡೂ ಅಲ್ಲ. ಸಾಮಾನ್ಯವಾಗಿ ವಾದಕನ ಬಲಗಡೆಯಲ್ಲಿ, ತುಸು ಓರೆಯಾಗಿ ನಿಂತು ಹೊಳೆಯುವ ಒಂದು ದೊಡ್ಡ ಕಂಚಿನ ತಟ್ಟೆ ಆ ಕೆಲಸವನ್ನು ಸದ್ದಿಲ್ಲದೆ ಎನ್ನುವಂತೆ ಮಾಡುತ್ತಿರುತ್ತದೆ. ಅದೇ ರೈಡ್ ಸಿಂಬಲ್.

ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಆ ಲೆಕ್ಕದಲ್ಲಿ ಡ್ರಮ್ ಸೆಟ್ ಎಂಬುದು ಅವನದ್ಧ ಮತ್ತು ಘನವಾದ್ಯಗಳ ಒಂದು ಕೂಡುಕುಟುಂಬ. ಹೊದಿಕೆ ಬಿಗಿದ ಡ್ರಮ್ಮುಗಳು ಒಂದು ಕಡೆ, ಲೋಹದ ಸಿಂಬಲ್‌ಗಳು ಇನ್ನೊಂದು ಕಡೆ. ಇವೆರಡರ ನಡುವೆ ಒಂದು ಮುಖ್ಯವಾದ ವ್ಯತ್ಯಾಸವುಂಟು. ಡ್ರಮ್ಮಿನ ನಾದ ಹಿಡಿಸದಿದ್ದರೆ ಹೊದಿಕೆಯನ್ನು ಬಿಗಿಗೊಳಿಸಬಹುದು, ಸಡಿಲಿಸಬಹುದು, ಹೊಸದನ್ನೇ ಹಾಕಿಸಬಹುದು. ಸಿಂಬಲ್ಲಿಗೆ ಇಂಥ ಯಾವ ಉಪಾಯವೂ ಇಲ್ಲ. ಕುಲುಮೆಯಲ್ಲಿ ಪಡೆದುಬಂದ ದನಿಯೇ ಅದರ ಆಯುಷ್ಯದುದ್ದಕ್ಕೂ ಅದರ ದನಿ. ಮೇಲಾಗಿ ಒಳ್ಳೆಯ ರೈಡ್ ಒಂದರ ಬೆಲೆ ಕಲಿಯುವವರ ಇಡೀ ಡ್ರಮ್ ಸೆಟ್ಟಿನ ಬೆಲೆಯನ್ನು ಮುಟ್ಟುವುದುಂಟು. ಮಗನೋ ಮಗಳೋ ಡ್ರಮ್ ಕಲಿಯುತ್ತಿರುವ ಮನೆಯಲ್ಲಿ ಈ ಆಯ್ಕೆ ತಪ್ಪಿದರೆ ಹಣವೂ ಹೋಯಿತು, ಕಲಿಕೆಯ ಉತ್ಸಾಹವೂ ಕುಗ್ಗಿತು.

ಒಂದು ತಟ್ಟೆ, ಮೂರು ದನಿ

ರೈಡ್ ಸಿಂಬಲ್ಲಿನ ನಡುವೆ ಗುಬ್ಬಟದಂತೆ ಉಬ್ಬಿದ ಭಾಗವನ್ನು ಬೆಲ್ ಎನ್ನುತ್ತಾರೆ. ಅಲ್ಲಿ ಕೋಲಿನ ಭುಜವನ್ನು ತಾಗಿಸಿದರೆ ದೇವಾಲಯದ ಗಂಟೆಯನ್ನು ನೆನಪಿಸುವ ಸ್ಪಷ್ಟವಾದ ನಾದ ಹೊಮ್ಮುತ್ತದೆ. ಅದರ ಸುತ್ತ ಇಳಿಜಾರಾಗಿ ಹರಡಿದ ವಿಶಾಲವಾದ ಮೈಯೇ ರೈಡಿನ ನಿಜವಾದ ಕಾರ್ಯಕ್ಷೇತ್ರ. ಕೋಲಿನ ತುದಿ ಅಲ್ಲಿ ಬಿದ್ದಾಗ ‘ಟಿಣ್’ ಎಂಬ ಚಿಕ್ಕ ಚೊಕ್ಕ ದನಿ ಕೇಳುತ್ತದೆ. ಅದರ ಬೆನ್ನಿಗೇ ದೂರದ ಜಲಪಾತದಂಥ ಒಂದು ಮೊರೆತ ಹಬ್ಬುತ್ತದೆ. ಮೂರನೆಯದು ಅಂಚು. ಅಲ್ಲಿ ಬೀಸಿ ಹೊಡೆದರೆ ಇಡೀ ತಟ್ಟೆ ಅಬ್ಬರಿಸುತ್ತದೆ.

ಟಿಣ್ ಎಂಬ ಪೆಟ್ಟಿನ ದನಿ ಮತ್ತು ಅದನ್ನು ಹಿಂಬಾಲಿಸುವ ಮೊರೆತ, ಇವೆರಡರ ಪ್ರಮಾಣದಲ್ಲಿಯೇ ರೈಡಿನ ಗುಣವೆಲ್ಲ ಅಡಗಿದೆ. ಪೆಟ್ಟು ಮಾತ್ರ ಕೇಳಿ ಮೊರೆತವೇ ಇಲ್ಲದಿದ್ದರೆ ನಾದ ಒಣಗಿದಂತಾಗುತ್ತದೆ. ಮೊರೆತ ಮಿತಿಮೀರಿದರೆ ಒಂದು ಪೆಟ್ಟು ಇನ್ನೊಂದರಲ್ಲಿ ಕರಗಿ ಲಯವೇ ಕಲಸಿಹೋಗುತ್ತದೆ. ಇದರಿಂದ ಮೊದಲು ಕಷ್ಟಕ್ಕೊಳಗಾಗುವವರು ಹಾಡುವವರು. ಸಿಂಬಲ್ಲಿನ ಮೊರೆತವೂ ಸ, ಶ, ಷ ಮೊದಲಾದ ವ್ಯಂಜನಗಳ ಸೀತ್ಕಾರವೂ ಬಹುಮಟ್ಟಿಗೆ ಒಂದೇ ಎತ್ತರದ ಕಂಪನಗಳಿಂದಾದವು. ಮೊರೆತ ಹೆಚ್ಚಾದರೆ ರಾಗ ಕೇಳಿಸುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ.

ಲಯ ಕಾಲಿನಿಂದ ಕೈಗೆ ಬಂದ ಬಗೆ

ರೈಡಿಗೆ ಈ ಗೌರವದ ಸ್ಥಾನ ಮೊದಲಿನಿಂದ ಇರಲಿಲ್ಲ. ಆರಂಭದ ಜಾಝ್ ಸಂಗೀತದಲ್ಲಿ ಲಯದ ಭಾರವನ್ನು ಬಹುಮಟ್ಟಿಗೆ ಹೊತ್ತಿದ್ದುದು ಕಾಲಿನಿಂದ ತುಳಿದು ನುಡಿಸುವ ದೊಡ್ಡ ಡ್ರಮ್. ಮುಂದೆ ಕೌಂಟ್ ಬೇಸಿಯ ವೃಂದದ ಜೋ ಜೋನ್ಸ್ ಆ ಭಾರವನ್ನು ಜೋಡಿ ಸಿಂಬಲ್‌ಗಳಾದ ಹೈ-ಹ್ಯಾಟಿನ ಕಡೆಗೆ ಸರಿಸಿದ. 1940ರ ದಶಕದ ಆದಿಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಕೆನ್ನಿ ಕ್ಲಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಲಯದ ಓಟವನ್ನು ಅವನು ದೊಡ್ಡ ರೈಡ್ ಸಿಂಬಲ್ಲಿಗೆ ಒಪ್ಪಿಸಿ, ಕಾಲಿನ ಡ್ರಮ್ಮನ್ನು ಅಲ್ಲಲ್ಲಿ ಅನಿರೀಕ್ಷಿತವಾದ ಒತ್ತುಗಳಿಗೆ ಮೀಸಲಿಟ್ಟ. ಸಂಗೀತ ಒಮ್ಮೆಗೇ ಹಗುರವಾಯಿತು. ಬೀಬಾಪ್ ಎಂಬ ಹೊಸ ಜಾಝ್ ಪಂಥದ ಬೆನ್ನೆಲುಬೇ ಈ ಬದಲಾವಣೆ. ಅಂದಿನಿಂದ ‘ಟಿಂಗ್, ಟಿಂಗ್-ಟ-ಟಿಂಗ್’ ಎಂಬ ನಡೆ ಜಾಝಿನ ಗುರುತಾಗಿ ನಿಂತಿತು. ರಾಕ್ ಸಂಗೀತ ಬಂದಾಗ ಅದೇ ತಟ್ಟೆ ಬೇರೊಂದು ನಡೆಗೆ ಒಗ್ಗಿಕೊಂಡಿತು.

ಒಬ್ಬೊಬ್ಬ ವಾದಕನೂ ತನ್ನ ಸಂಗೀತಕ್ಕೆ ತಕ್ಕ ತಟ್ಟೆಯನ್ನು ಅರಸಿಕೊಂಡ. ಮೈಲ್ಸ್ ಡೇವಿಸನ ತಂಡದಲ್ಲಿದ್ದ ಟೋನಿ ವಿಲಿಯಮ್ಸ್ ಬಳಸುತ್ತಿದ್ದುದು ಇಸ್ತಾಂಬುಲಿನಲ್ಲಿ ತಯಾರಾದ 22 ಅಂಗುಲದ ಕೆ ಜಿಲ್ಜಿಯನ್. ಅದರ ದನಿ ಗಾಢವಾದದ್ದು. ಲೆಡ್ ಝೆಪ್ಪೆಲಿನ್ ತಂಡದ ಜಾನ್ ಬಾನಮ್ ಕಿವಿಗಡಚಿಕ್ಕುವ ಗಿಟಾರುಗಳ ನಡುವೆಯೂ ಕೇಳಬೇಕಾದ 24 ಅಂಗುಲದ ಪೈಸ್ಟೆ ತಟ್ಟೆಯನ್ನು ಇಟ್ಟುಕೊಂಡಿದ್ದ. ಇವರು ತಮ್ಮ ತಮ್ಮ ಸಂಗೀತವನ್ನು ಚೆನ್ನಾಗಿ ಅರಿತಿದ್ದವರು. ಭಾನುವಾರ ಚರ್ಚಿನಲ್ಲಿ, ಶನಿವಾರ ಮದುವೆಯ ಆರ್ಕೆಸ್ಟ್ರಾದಲ್ಲಿ, ಉಳಿದ ದಿನ ಕಾಲೇಜಿನ ಗೆಳೆಯರೊಡನೆ ನುಡಿಸಬೇಕಾದ ತರುಣನಿಗೆ ಬೇಕಾದುದು ಇವೆರಡೂ ಅಲ್ಲದ, ಎಲ್ಲಕ್ಕೂ ಒದಗುವ ನಡುದಾರಿಯ ತಟ್ಟೆ.

ಲೋಹದ ಗುಟ್ಟು

ಸಿಂಬಲ್ ತಯಾರಿಕೆಯ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಜಿಲ್ಜಿಯನ್. ಕಾನ್‌ಸ್ಟಾಂಟಿನೋಪಲ್ಲಿನ ಅವೆದಿಸ್ ಎಂಬ ಅರ್ಮೇನಿಯನ್ ಲೋಹಕಾರನಿಂದ ಈ ಮನೆತನದ ಉದ್ಯಮ ಆರಂಭವಾಯಿತು. 1623 ಅದರ ಸ್ಥಾಪನೆಯ ವರ್ಷವೆಂದು ಎಣಿಸುತ್ತಾರೆ. ತುರ್ಕಿ ಭಾಷೆಯಲ್ಲಿ ‘ಜಿಲ್’ ಎಂದರೆ ಸಿಂಬಲ್. ಜಿಲ್ಜಿಯನ್ ಎಂದರೆ ಸಿಂಬಲ್ ಮಾಡುವವನ ಮನೆಯವನು. ಮನೆತನದ ಒಂದು ಕವಲು 1929ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯಿತು. ಅದೇ ಮನೆತನದ ರಾಬರ್ಟ್ ಜಿಲ್ಜಿಯನ್ 1981ರಲ್ಲಿ ಕೆನಡಾದಲ್ಲಿ ಸೇಬಿಯನ್ ಸಂಸ್ಥೆಯನ್ನು ಕಟ್ಟಿದ. ಸ್ವಿಟ್ಜರ್ಲೆಂಡಿನ ಪೈಸ್ಟೆ, ಜರ್ಮನಿಯ ಮೈನ್ಲ್, ಇಸ್ತಾಂಬುಲಿನ ಹಲವು ಕಮ್ಮಟಗಳು ಇಂದು ಇವರ ಸಾಲಿನಲ್ಲಿ ನಿಂತಿವೆ.

ಉತ್ತಮ ಸಿಂಬಲ್‌ಗಳಲ್ಲಿ ಬಹುಪಾಲು 80 ಭಾಗ ತಾಮ್ರ, 20 ಭಾಗ ತವರ ಬೆರೆತ ಕಂಚಿನಿಂದಾದವು. ಇದನ್ನು ‘ಬಿ 20’ ಎಂದು ಕರೆಯುತ್ತಾರೆ. ಕಂಚಿನ ಈ ನಾದಗುಣ ಕನ್ನಡನಾಡಿಗೆ ಹೊಸದಲ್ಲ. ಮಲೆ ಮಹದೇಶ್ವರನ ಭಕ್ತರ ಕಂಸಾಳೆಯ ಹೆಸರಿನಲ್ಲಿಯೇ ‘ಕಾಂಸ್ಯ’, ಎಂದರೆ ಕಂಚು, ಅಡಗಿದೆ. ತವರ ಇಷ್ಟು ಬೆರೆತ ಕಂಚು ಗಾಜಿನಂತೆ ಬಿರುಸು. ಆದರೆ ಅದಕ್ಕೊಂದು ವಿಚಿತ್ರ ಸ್ವಭಾವವುಂಟು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಅದು ಇನ್ನಷ್ಟು ಗಡುಸಾಗುತ್ತದೆ. ಈ ಕಂಚು ಅದೇ ಉಪಚಾರದಿಂದ ಪೆಟ್ಟನ್ನು ತಾಳಿಕೊಳ್ಳುವಷ್ಟು ಹದಗೊಳ್ಳುತ್ತದೆ. ಆಮೇಲೆ ಸುತ್ತಿಗೆಯ ಪೆಟ್ಟುಗಳಿಂದ ಅದಕ್ಕೆ ಆಕಾರ ಕೊಟ್ಟು, ಲೇತ್ ಯಂತ್ರದಲ್ಲಿ ಹೆರೆದು, ಮೈಮೇಲೆ ಸಣ್ಣ ಸಣ್ಣ ವರ್ತುಲ ಗೆರೆಗಳನ್ನು ಮೂಡಿಸುತ್ತಾರೆ. ಕೈಯಿಂದ ಬಿದ್ದ ಪೆಟ್ಟು ಎಲ್ಲ ಕಡೆಯೂ ಒಂದೇ ಸಮವಾಗಿರುವುದಿಲ್ಲ. ಆದುದರಿಂದ ಅಂಥ ತಟ್ಟೆಯ ನಾದ ಗಾಢವೂ ಸಂಕೀರ್ಣವೂ ಆಗಿರುತ್ತದೆ. ಹೆರೆಯದೆ ಬಿಟ್ಟ ತಟ್ಟೆಯ ನಾದ ಬೇಗ ಅಡಗುತ್ತದೆ.

ತವರ 8 ಭಾಗ ಮಾತ್ರವಿರುವ ‘ಬಿ 8’ ಕಂಚನ್ನು ಹಾಳೆಯಾಗಿ ಲಟ್ಟಿಸಿ, ವೃತ್ತಾಕಾರವಾಗಿ ಕತ್ತರಿಸಿ ಸಿಂಬಲ್ ಮಾಡುತ್ತಾರೆ. ಅದರ ದನಿ ಪ್ರಖರ, ನೇರ. ಅಗ್ಗದ ತಟ್ಟೆಗಳಲ್ಲಿ ಇದು ಹೆಚ್ಚಾಗಿ ಕಾಣುವುದು ನಿಜ. ಆದರೆ 1971ರಲ್ಲಿ ಬಂದು ರಾಕ್ ವಾದಕರ ಮನ ಗೆದ್ದ ಪೈಸ್ಟೆ 2002 ಶ್ರೇಣಿಯೂ ಇದೇ ಲೋಹದ್ದು. ಕಲಿಯುವವರ ಸೆಟ್ಟಿನೊಡನೆ ಬರುವ ಹಿತ್ತಾಳೆಯ ತಟ್ಟೆಗಳನ್ನು ಮಾತ್ರ ತಾತ್ಕಾಲಿಕವೆಂದು ಭಾವಿಸುವುದು ಲೇಸು.

ಅಳತೆ ಮತ್ತು ತೂಕ

ರೈಡ್‌ಗಳು ಸಾಮಾನ್ಯವಾಗಿ 18ರಿಂದ 24 ಅಂಗುಲಗಳವರೆಗೆ ದೊರೆಯುತ್ತವೆ. ವ್ಯಾಸ ಹೆಚ್ಚಿದಷ್ಟೂ ಶ್ರುತಿ ಇಳಿಯುತ್ತದೆ, ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಸರ್ವೋಪಯೋಗಿ ಎನ್ನಿಸಿಕೊಂಡದ್ದು ಮೊದಲಿನಿಂದಲೂ 20 ಅಂಗುಲದ ತಟ್ಟೆ. ತುಸು ತುಂಬಿದ ದನಿ ಬೇಕೆನ್ನುವವರು 21 ಅಥವಾ 22 ಅಂಗುಲದ್ದನ್ನು ಆರಿಸಿಕೊಳ್ಳಬಹುದು.

ವ್ಯಾಸಕ್ಕಿಂತ ಮುಖ್ಯವಾದುದು ತೂಕ. ಒಂದೇ ವ್ಯಾಸದ ಎರಡು ತಟ್ಟೆಗಳಲ್ಲಿ ದಪ್ಪನೆಯದರ ಶ್ರುತಿ ಏರು, ಪೆಟ್ಟು ಸ್ಪಷ್ಟ, ಬೆಲ್ ಗಟ್ಟಿ. ಆದರೆ ಅಂಚಿನಲ್ಲಿ ಹೊಡೆದರೆ ಅದು ಸುಲಭವಾಗಿ ಅರಳದು. ತೆಳ್ಳನೆಯದು ಮೆಲ್ಲನೆ ಮುಟ್ಟಿದರೂ ಮಾತಾಡುತ್ತದೆ, ಬೇಗ ಅರಳುತ್ತದೆ. ಆದರೆ ಜೋರಾಗಿ ನುಡಿಸಿದರೆ ಪೆಟ್ಟುಗಳು ಮೊರೆತದಲ್ಲಿ ಮುಳುಗುತ್ತವೆ. ಎಲ್ಲ ಬಗೆಯ ಸಂಗೀತಕ್ಕೂ ಒಂದೇ ತಟ್ಟೆ ಬೇಕಾದವರು ‘ಮೀಡಿಯಂ’ ಅಥವಾ ‘ಮೀಡಿಯಂ ಥಿನ್’ ಎಂಬ ದರ್ಜೆಯಲ್ಲಿ ಹುಡುಕಬೇಕು. 20 ಅಂಗುಲದ ತಟ್ಟೆಯಾದರೆ ತೂಕ ಸುಮಾರು 1900ರಿಂದ 2300 ಗ್ರಾಂಗಳೊಳಗೆ ಇರುವುದು ಈ ಮಧ್ಯಮಮಾರ್ಗಕ್ಕೆ ಹೊಂದುತ್ತದೆ. ‘ಹೆವಿ’, ‘ರಾಕ್’, ‘ಪವರ್’ ಎಂಬ ಹೆಸರುಗಳು ತರುಣರನ್ನು ಬೇಗ ಸೆಳೆಯುತ್ತವೆ. ಅಂಥ ಭಾರದ ತಟ್ಟೆ ಚಿಕ್ಕ ಸಭಾಂಗಣದಲ್ಲಿ ಗಂಟೆ ಬಾರಿಸಿದಂತೆ ಎಲ್ಲರನ್ನೂ ಮೀರಿ ಕೇಳುತ್ತದೆಂಬುದನ್ನು ಅವರು ಮನೆಗೆ ತಂದ ಮೇಲೆ ಅರಿಯುತ್ತಾರೆ.

ಅಂಗಡಿಯಲ್ಲಿ ಕಿವಿಯ ಪರೀಕ್ಷೆ

ಒಂದೇ ಮುದ್ರೆ, ಒಂದೇ ಅಳತೆಯ ಎರಡು ತಟ್ಟೆಗಳೂ ಒಂದೇ ಸಮನಾಗಿ ನುಡಿಯುವುದಿಲ್ಲ. ಆದುದರಿಂದ ಹೆಸರು ನೋಡಿ ಕೊಳ್ಳುವುದಕ್ಕಿಂತ ಕೇಳಿ ಕೊಳ್ಳುವುದು ಮೇಲು. ಅಂಗಡಿಗೆ ಹೋಗುವಾಗ ತಾವು ದಿನವೂ ಬಳಸುವ ಕೋಲುಗಳನ್ನೇ ಒಯ್ಯಬೇಕು. ಕೋಲಿನ ತುದಿ ಮರದ್ದಾದರೆ ದನಿ ಮೃದು, ನೈಲಾನಿನದಾದರೆ ಚುರುಕು. ಕೋಲು ಬದಲಾದರೆ ತೀರ್ಪೂ ಬದಲಾಗುತ್ತದೆ. ಸಾಧ್ಯವಿದ್ದರೆ ಮನೆಯಲ್ಲಿರುವ ಹೈ-ಹ್ಯಾಟ್ ಮತ್ತು ಕ್ರ್ಯಾಶ್ ಸಿಂಬಲ್‌ಗಳನ್ನೂ ಒಯ್ದು, ಹೊಸ ತಟ್ಟೆ ಅವುಗಳೊಡನೆ ಹೊಂದುವುದೇ ಎಂದು ನೋಡಬೇಕು.

ಎತ್ತಿದ ಕೈಯಲ್ಲಿ ಜೋರಾಗಿ ಬಾರಿಸುವುದು ಪರೀಕ್ಷೆಯಲ್ಲ. ಮೊದಲು ಮೆಲ್ಲನೆ, ತಾವು ನಿತ್ಯ ನುಡಿಸುವ ನಡೆಯನ್ನೇ ಎರಡು ಮೂರು ನಿಮಿಷ ನುಡಿಸಬೇಕು. ಬಳಿಕ ಕಾಲವನ್ನೂ ಬಲವನ್ನೂ ಕ್ರಮವಾಗಿ ಏರಿಸಬೇಕು. ಮೊರೆತ ಎಲ್ಲಿಯವರೆಗೆ ಪೆಟ್ಟಿನ ಕೆಳಗೆ ಇರುತ್ತದೆ, ಎಲ್ಲಿ ಅದನ್ನು ನುಂಗಲು ತೊಡಗುತ್ತದೆ ಎಂಬುದನ್ನು ಗಮನಿಸಬೇಕು. ಅನಂತರ ಅಂಚಿನಲ್ಲಿ ಒಮ್ಮೆ ಹೊಡೆದು ಕೂಡಲೇ ನಡೆಗೆ ಹಿಂದಿರುಗಬೇಕು. ಅಬ್ಬರ ಎಷ್ಟು ಬೇಗ ಇಳಿದು ಪೆಟ್ಟು ಮತ್ತೆ ತಿಳಿಯಾಗಿ ಕೇಳುತ್ತದೋ ಆ ತಟ್ಟೆ ಅಷ್ಟು ಬಹುಗುಣಿ. ಕೊನೆಗೆ ಬೆಲ್ಲಿನ ದನಿ ಮೈಯ ದನಿಗೆ ತೀರ ಪರಕೀಯವಾಗದೆ, ಆದರೂ ಬೇರೆಯಾಗಿ ಕೇಳುವುದೇ ಎಂದು ನೋಡಬೇಕು.

ಇಷ್ಟಾದ ಮೇಲೆ ಕೋಲುಗಳನ್ನು ಇನ್ನೊಬ್ಬರಿಗೆ ಕೊಟ್ಟು ಇಪ್ಪತ್ತು ಹೆಜ್ಜೆ ದೂರ ನಿಂತು ಕೇಳುವುದು ಒಳ್ಳೆಯದು. ಹತ್ತಿರದಲ್ಲಿ ಒರಟೆನಿಸಿದ ತಟ್ಟೆ ದೂರಕ್ಕೆ ಇಂಪಾಗಿ ಕೇಳುವುದುಂಟು. ಸಭಿಕರು ಕುಳಿತುಕೊಳ್ಳುವುದು ದೂರದಲ್ಲಿಯೇ ಅಲ್ಲವೇ? ಒಂದೇ ಸಲಕ್ಕೆ ಮೂರಕ್ಕಿಂತ ಹೆಚ್ಚು ತಟ್ಟೆಗಳನ್ನು ಹೋಲಿಸಹೋದರೆ ಕಿವಿ ದಣಿದು ಎಲ್ಲವೂ ಒಂದೇ ಎನಿಸುತ್ತದೆ. ಅಂತರ್ಜಾಲದ ಮೂಲಕ ತರಿಸುವವರು ಆ ನಿರ್ದಿಷ್ಟ ತಟ್ಟೆಯದೇ ಧ್ವನಿಮುದ್ರಿಕೆಯನ್ನೂ ತೂಕವನ್ನೂ ಕೊಡುವ ಮಾರಾಟಗಾರರನ್ನು ಆರಿಸಿ, ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಬೇಕು. ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೆಳಸ್ವರಗಳು ಕೇಳುವುದೇ ಇಲ್ಲ.

ಹಳೆಯದಾದರೆ ಹಗುರವೇ?

ಬಳಸಿದ ರೈಡ್ ಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ; ಮಿತವಾದ ಹಣಕ್ಕೆ ಉತ್ತಮ ಕಂಚು ದೊರೆಯುವ ದಾರಿ ಅದು. ಆದರೆ ಬಿರುಕನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಅಂಚಿನ ಸುತ್ತ ಉಗುರನ್ನು ಹಾಯಿಸಿ, ವರ್ತುಲ ಗೆರೆಗಳ ಉದ್ದಕ್ಕೂ, ಬೆಲ್ಲಿನ ಬುಡದಲ್ಲಿಯೂ ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ನಡುವಿನ ರಂಧ್ರ ಸವೆದು ಬೀಗದ ಕೈಯ ಕಂಡಿಯಂತಾಗಿದ್ದರೆ, ಹಿಂದಿನ ಒಡೆಯ ಅಜಾಗರೂಕನೆಂದು ತಿಳಿಯಬಹುದು. ತಟ್ಟೆಯನ್ನು ತಿರುಗಿಸುತ್ತ ಅಲ್ಲಲ್ಲಿ ಮೆಲ್ಲನೆ ತಟ್ಟಿದಾಗ ಗೊರಗೊರ ಸದ್ದು ಬಂದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಕ್ಷೇಮ. ಒಡೆದ ಕಂಚಿಗೆ ಹಳೆಯ ಕಂಠವನ್ನು ಮರಳಿಸುವ ಬೆಸುಗೆಯಿಲ್ಲ.

ಮನೆಗೆ ತಂದ ಮೇಲೆ ಪಾಲನೆ ಸುಲಭ. ಸ್ಟ್ಯಾಂಡಿನ ಮೇಲೆ ಲೋಹಕ್ಕೆ ಲೋಹ ತಾಗದಂತೆ ಫೆಲ್ಟಿನ ಬಿಲ್ಲೆಯೂ ಪ್ಲಾಸ್ಟಿಕ್ ಕೊಳವೆಯೂ ಇರಬೇಕು. ಮೇಲಿನ ತಿರುಪನ್ನು ತಟ್ಟೆ ತೂಗಾಡುವಷ್ಟು ಸಡಿಲವಾಗಿ ಬಿಡಬೇಕು. ಎಣ್ಣೆಯಲ್ಲಿ ಹುರಿದಂಥ ಚರಚರ ನಾದ ಬೇಕೆಂದು ರಿವೆಟ್ಟಿಗಾಗಿ ತೂತು ಕೊರೆಸುವ ಬದಲು, ತಿರುಪಿನಿಂದ ಒಂದು ಸಣ್ಣ ಸರಪಣಿಯನ್ನು ಇಳಿಬಿಟ್ಟರೆ ಸಾಕು, ಬೇಡವಾದಾಗ ತೆಗೆಯಬಹುದು. ಮನೆಯ ಹಿರಿಯರು ಪ್ರೀತಿಯಿಂದ ಮಾಡಬಹುದಾದ ಒಂದು ಉಪಕಾರವನ್ನು ಮಾತ್ರ ತಡೆಯಬೇಕು. ಕಂಚಿನ ಪಾತ್ರೆಗೆ ಮಾಡುವಂತೆ ರೈಡಿಗೆ ಹುಣಸೆಹಣ್ಣು ಹಚ್ಚಿ ಉಜ್ಜಕೂಡದು. ವರ್ಷಗಳಿಂದ ಕೂಡಿಬಂದ ಮಾಸಲು ಪದರವೇ ನಾದವನ್ನು ಹದಗೊಳಿಸುತ್ತದೆಂಬುದು ಅನೇಕ ವಾದಕರ ಅನುಭವ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ಸಾಕು.

ಎಲ್ಲವನ್ನೂ ಮಾಡಬಲ್ಲ ತಟ್ಟೆ ಎಂದರೆ ಎಲ್ಲಕ್ಕಿಂತ ಗಟ್ಟಿಯಾಗಿ ಕೂಗುವ ತಟ್ಟೆಯೆಂದು ಅರ್ಥವಲ್ಲ. ಮೆಲ್ಲನೆ ನುಡಿಸಿದಾಗ ಮೆಲ್ಲನೆ ಉಸಿರಾಡಿ, ಬೇಕೆಂದಾಗ ಏರಿ, ಸಾಕೆಂದಾಗ ಇಳಿದು, ಉಳಿದವರ ಹಾಡಿಗೂ ತಂತಿಗೂ ಎಡೆಗೊಡುವ ರೈಡೇ ಬಹುಕಾಲ ಜೊತೆಗಿರುತ್ತದೆ. ಅಂಥದೊಂದನ್ನು ತಾಳ್ಮೆಯಿಂದ ಹುಡುಕಿ ಕೊಟ್ಟ ತಂದೆತಾಯಿಗಳು ಮಕ್ಕಳಿಗೆ ವಾದ್ಯದೊಡನೆ ಕೇಳುವ ಕಿವಿಯನ್ನೂ ಕೊಟ್ಟಂತಾಗುತ್ತದೆ.