ಮಿದುಳಿನ ಗಡ್ಡೆ ಮತ್ತು ರೋಗಿಯ ನಿದ್ರೆ

ಮಿದುಳಿನಲ್ಲಿ ಗಡ್ಡೆಯಿದೆಯೆಂದು ತಿಳಿದ ಕುಟುಂಬದವರು ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಹಾಗೂ ಖರ್ಚುವೆಚ್ಚಗಳ ಕುರಿತು ವೈದ್ಯರನ್ನು ಹಲವು ಬಾರಿ ಪ್ರಶ್ನಿಸುತ್ತಾರೆ. ರೋಗಿಗೆ ರಾತ್ರಿ ನಿದ್ರೆ ಬರುತ್ತಿಲ್ಲವೆಂದಾಗಲಿ, ಹಗಲೆಲ್ಲ ಮಂಪರು ಕವಿದಿರುತ್ತದೆಂದಾಗಲಿ ಹೇಳುವವರು ಕಡಿಮೆ. ಇಷ್ಟು ದೊಡ್ಡ ಕಾಯಿಲೆಯ ಮುಂದೆ ಅದು ಸಣ್ಣ ಮಾತೆಂಬ ಸಂಕೋಚವೇ ಇದಕ್ಕೆ ಕಾರಣವಿರಬಹುದು. ಆದರೆ ಈ ಸಂಗತಿಯು ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದುದಾಗಿದೆ.

ಮುಂಬಯಿಯ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯು 1941ರ ಫೆಬ್ರವರಿ 28ರಂದು ಪ್ರಾರಂಭವಾಯಿತು. 1962ರಿಂದ ಅದು ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದೆ. ಬೆಳಗಾವಿ, ವಿಜಯಪುರಗಳ ಕಡೆಯಿಂದಲೂ ಸೊಲ್ಲಾಪುರದ ಕನ್ನಡ ಮನೆಗಳಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ಹಲವು ಬಗೆಯ ಗಡ್ಡೆಗಳಿಗೆ ವಿಕಿರಣ ಚಿಕಿತ್ಸೆಯು ವಾರಕ್ಕೆ 5 ದಿನಗಳಂತೆ ಸುಮಾರು 6 ವಾರ ನಡೆಯುವುದರಿಂದ ಅಷ್ಟು ದಿನವೂ ನಗರದಲ್ಲೇ ತಂಗಬೇಕಾಗುತ್ತದೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಂತಹ ವಸತಿಗಳು ಆಸರೆಯಾಗಿವೆ. ಸ್ಥಳ ದೊರೆಯದವರು ಪಾದಚಾರಿ ಮಾರ್ಗದಲ್ಲಿಯೇ ರಾತ್ರಿ ಕಳೆಯುವುದುಂಟು. ಅಂತಹ ಕಡೆ ನಿದ್ರೆ ಬಾರದಿದ್ದರೆ ಗದ್ದಲ, ಸೆಕೆ, ಸೊಳ್ಳೆಗಳ ಮೇಲೆ ದೋಷ ಹೊರಿಸಿ ಸುಮ್ಮನಾಗುವುದು ಸಹಜ.

ಬೇರೆ ಕಾರಣಗಳೂ ಇವೆ. ಗಡ್ಡೆಯ ಸುತ್ತಲಿನ ಊತವನ್ನು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧಿಯನ್ನು ಸಂಜೆಯ ಮೇಲೆ ಸೇವಿಸಿದರೆ ನಿದ್ರೆ ಕೆಡಬಹುದು. ಸಾಧ್ಯವಿದ್ದಲ್ಲಿ ವೈದ್ಯರು ಅದನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನದ ವೇಳೆಗೆ ಹೊಂದಿಸಿಕೊಡುತ್ತಾರೆ. ಒಂದು ಸಣ್ಣ ಬದಲಾವಣೆಯಿಂದ ಆಗಬಹುದಾದ ಈ ಉಪಕಾರವು ರೋಗಿಯು ಬಾಯಿ ಬಿಡದಿದ್ದರೆ ಆಗುವುದಿಲ್ಲ. ಆದರೆ ಆ ಔಷಧಿಯನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸುವುದು ಅಪಾಯಕರ. ಅಂತೆಯೇ, ಅಂಗಡಿಯಿಂದ ನಿದ್ರೆಮಾತ್ರೆ ತಂದು ನುಂಗುವುದೂ ಸಲ್ಲದು.

ಅತಿನಿದ್ರೆಯ ವಿಷಯವು ಇನ್ನೂ ಸೂಕ್ಷ್ಮವಾದುದು. ಮಿದುಳಿನ ತಳಭಾಗದ ಹೈಪೋಥಲಾಮಸ್ ನಿದ್ರೆ ಮತ್ತು ಎಚ್ಚರಗಳ ಕ್ರಮವನ್ನು ಕಾಯ್ದುಕೊಳ್ಳುತ್ತದೆ. ಅದರ ಸಮೀಪದ ಗಡ್ಡೆಗಳಿಂದ ಹಗಲಿನಲ್ಲೇ ತೂಕಡಿಕೆ ಬರಬಹುದು. ಅಪಸ್ಮಾರವನ್ನು ತಡೆಯುವ ಕೆಲವು ಔಷಧಿಗಳೂ ಮಂಪರು ತರುತ್ತವೆ. ವಿಕಿರಣ ಚಿಕಿತ್ಸೆ ಮುಗಿದ ಕೆಲವು ವಾರಗಳ ನಂತರ ಕೆಲವರಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ಅತಿಯಾದ ನಿದ್ರೆ ಕಾಣಿಸಿಕೊಂಡು ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ. ಊರಿಗೆ ಮರಳಿದ ಮೇಲೆ ಹೀಗಾದಾಗ ರೋಗ ಮರುಕಳಿಸಿತೆಂದು ಮನೆಯವರು ಕಂಗಾಲಾಗುವುದು ಸಹಜ. ಎರಡನ್ನೂ ಬೇರ್ಪಡಿಸಿ ಹೇಳುವುದು ವೈದ್ಯರ ಕೆಲಸ. ಮಂಪರಿನೊಡನೆ ಹೆಚ್ಚುತ್ತಿರುವ ತಲೆನೋವು ಅಥವಾ ವಾಂತಿಯಿದ್ದರೆ, ಎಬ್ಬಿಸಿದರೂ ರೋಗಿಯು ಸರಿಯಾಗಿ ಏಳದಿದ್ದರೆ, ತಲೆಬುರುಡೆಯೊಳಗಿನ ಒತ್ತಡವು ಏರಿರಬಹುದು. ಆಗ ಮುಂದಿನ ತಪಾಸಣೆಯ ದಿನಾಂಕಕ್ಕಾಗಿ ಕಾಯದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಒಯ್ಯತಕ್ಕದ್ದು.

ಗಡ್ಡೆ ಎಷ್ಟು ಕುಗ್ಗಿತು ಎಂಬುದರೊಂದಿಗೆ ರೋಗಿಯ ದಿನಗಳು ಹೇಗೆ ಸಾಗುತ್ತಿವೆ ಎಂಬುದನ್ನೂ ಅಳೆಯುವ ಕ್ರಮವಿದೆ. ಇದಕ್ಕಾಗಿ ಯೂರೋಪಿನಲ್ಲಿ ರೂಪುಗೊಂಡ 30 ಪ್ರಶ್ನೆಗಳ ಸಾಮಾನ್ಯ ಪ್ರಶ್ನಾವಳಿಯೊಂದೂ ಮಿದುಳಿನ ಗಡ್ಡೆಗೆಂದೇ 20 ಪ್ರಶ್ನೆಗಳ ಇನ್ನೊಂದೂ ಬಳಕೆಯಲ್ಲಿವೆ. ಎರಡನೆಯದರ ಹಿಂದಿ ಅನುವಾದವನ್ನು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ರೋಗಿಗಳಲ್ಲಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ನಿದ್ರೆ ಬಾರದಿರುವುದನ್ನು ಮೊದಲನೆಯದು ಕೇಳಿದರೆ ಹಗಲಿನ ಮಂಪರನ್ನು ಎರಡನೆಯದು ಕೇಳುತ್ತದೆ. ಅನುವಾದಕನಿಗೆ ಇಲ್ಲಿ ಎಚ್ಚರ ಅಗತ್ಯ. ದಣಿವು, ತೂಕಡಿಕೆ, ಮಂಪರು ಎಂಬ ಮೂರು ಮಾತುಗಳನ್ನು ನಾವು ಒಂದರ ಬದಲು ಇನ್ನೊಂದನ್ನು ಬಳಸಿಬಿಡುತ್ತೇವೆ. ವೈದ್ಯರಿಗಾದರೋ ಅವು ಮೂರು ಬೇರೆ ದೂರುಗಳು.

ಆದುದರಿಂದ ತಪಾಸಣೆಗೆ ಮೊದಲಿನ ಒಂದು ವಾರ ರೋಗಿಯು ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಹಗಲು ನಿದ್ರಿಸಿದ ಅವಧಿ ಹಾಗೂ ಔಷಧಿ ಸೇವಿಸಿದ ವೇಳೆಯನ್ನು ಬರೆದಿಟ್ಟುಕೊಂಡರೆ ಬಹಳ ಪ್ರಯೋಜನವಾಗುತ್ತದೆ. ನಿದ್ರೆಗೆಟ್ಟರೆ ಅಪಸ್ಮಾರದ ಸಂಭವವೂ ಹೆಚ್ಚು. ಅದು ರಾತ್ರಿ ನಿದ್ರೆಯಲ್ಲೇ ಬಂದು ಹೋದರೆ ರೋಗಿಗೆ ತಿಳಿಯದೆ ಹೋಗಬಹುದು. ಪಕ್ಕದಲ್ಲಿ ಮಲಗಿದ್ದವರಿಗೆ ತಿಳಿದಿರುತ್ತದೆ. ವೈದ್ಯರ ಕೊಠಡಿಗೆ ರೋಗಿಯೊಡನೆ ಅವರೂ ಹೋಗಬೇಕು.